ಚೆಲ್ಲಿದ ಪಾನಕ

ಸಂಜೆ ಆರು ಹೊಡೆಯಿತೆಂದರೆ ರತ್ನಾಳ ಕಾಲು ಒಲೆಯ ಮುಂದೆ ನಿಲ್ಲುತ್ತಿರಲಿಲ್ಲ. ಸಾರಿಗೆ ಒಗ್ಗರಣೆ ಹಾಕಿ, ಅದರ ಚಟಪಟ ಅಡಗುವ ಮೊದಲೇ ಬಾಲ್ಕನಿಗೆ ಹೋಗಿ ಬಗ್ಗಿ ನೋಡುವುದು. ಒಳಗೆ ಬಂದು ಕುಕ್ಕರಿನ ಮುಚ್ಚಳ ತೆಗೆದು ಸುಮ್ಮನೆ ಮುಚ್ಚುವುದು. ಮತ್ತೆ ಬಾಲ್ಕನಿ. ಮೂರನೇ ಮಹಡಿಯಿಂದ ನೋಡಿದರೆ ಸ್ಟೇಷನ್ ಕಡೆಯಿಂದ ಬರುವ ಓಣಿ ಪೂರ್ತಿ ಕಾಣುತ್ತಿತ್ತು. ಜಪಾನಿನ ಇಚಿಕಾವಾದ ಆ ಓಣಿಯಲ್ಲಿ ಸಂಜೆಹೊತ್ತು ಸೈಕಲ್ಲುಗಳದೇ ಸಾಲು. ಹಿಂದಿನ ಸೀಟಿನಲ್ಲಿ ಮಗು, ಮುಂದಿನ ಬುಟ್ಟಿಯಲ್ಲಿ ತರಕಾರಿ, ನಡುವೆ ನೆಟ್ಟಗೆ ಕೂತ ತಾಯಿ. ಯಾರೋ ದಾರ ಕಟ್ಟಿ ಎಳೆದಂತೆ ಎಲ್ಲ ನೇರವಾಗಿ ಬರುತ್ತಿದ್ದವು. ಅಕ್ಕನ ಹಸಿರು ಸೈಕಲ್ ಮಾತ್ರ ತಿರುವಿನಲ್ಲಿ ಒಮ್ಮೆ ಆ ಗೋಡೆಯನ್ನು, ಒಮ್ಮೆ ಈ ಗೋಡೆಯನ್ನು ಮಾತಾಡಿಸಿಕೊಂಡು ಬರುತ್ತಿತ್ತು.

ಹಿಂದೆ ಕೂತ ಅಕ್ಕನ ಮಗಳು ವರ್ಷಿಣಿಗೆ ಐದು ವರ್ಷ. ತಲೆಗಿಂತ ದೊಡ್ಡ ಹೆಲ್ಮೆಟ್ ಹಾಕಿಕೊಂಡು ಕೈ ಬೀಸುತ್ತಾ ನಗುತ್ತಾ ಬರುತ್ತಿದ್ದಳು. ಮೊಣಕಾಲಿಗೆ ಒಂದು ಪ್ಲಾಸ್ಟರ್. ಹೋದ ವಾರ ಸೈಕಲ್ ಜಾರಿತಂತೆ. ಮಳೆಯಿಲ್ಲ, ಮಣ್ಣಿಲ್ಲ, ಒರೆಸಿಟ್ಟ ತಟ್ಟೆಯಂಥ ಈ ರಸ್ತೆಯಲ್ಲಿ ಜಾರಿದ್ದಾದರೂ ಹೇಗೆ ಎಂದು ರತ್ನಾ ಕೇಳಲಿಲ್ಲ. ಕೇಳುವ ಅಭ್ಯಾಸ ಅವಳಿಗಿರಲಿಲ್ಲ. ನೋಡುವ ಅಭ್ಯಾಸವಿತ್ತು.

ಅವಳು ಇಲ್ಲಿಗೆ ಬಂದದ್ದು ಫೆಬ್ರವರಿ ಕೊನೆಯಲ್ಲಿ, ಮೂರು ತಿಂಗಳ ವೀಸಾದ ಮೇಲೆ. ಕಿಶೋರ್ ಭಾವನಿಗೆ ನಗೋಯಾದ ಕಾರು ಬಿಡಿಭಾಗಗಳ ಕಂಪನಿಯಲ್ಲಿ ಕೆಲಸ. ಶುಕ್ರವಾರ ಮನೆಗೆ ಬಂದರೆ ಭಾನುವಾರ ಸಂಜೆ ಮತ್ತೆ ರೈಲು ಹತ್ತುತ್ತಿದ್ದರು. ಅಕ್ಕ ಮೈತ್ರೇಯಿಗೆ ಶಿನಾಗಾವಾದಲ್ಲಿ ಐಟಿ ಆಫೀಸು. ಮಗುವನ್ನು ನೋಡಿಕೊಳ್ಳುತ್ತಿದ್ದ ಅಕ್ಕನ ಅತ್ತೆ ಚಳಿ ತಡೆಯಲಾರದೆ ಊರಿಗೆ ಹೊರಟುಹೋದ ಮೇಲೆ ಅಕ್ಕನೇ ಫೋನ್ ಮಾಡಿ, "ರತ್ನಾನ ಕಳಿಸಮ್ಮ, ಸ್ವಲ್ಪ ದಿನ" ಅಂದಿದ್ದಳು. ಹತ್ತನೇ ತರಗತಿಯ ಗಣಿತದಲ್ಲಿ ಬಿದ್ದು, ಮತ್ತೆ ಕಟ್ಟಿ, ಮತ್ತೆ ಬಿದ್ದು, ಮೈಸೂರಿನ ಮನೆಯಲ್ಲಿ ಅಮ್ಮನ ಜೊತೆ ಹಪ್ಪಳ ಒತ್ತಿಕೊಂಡಿದ್ದವಳು ಹೀಗೆ ವಿಮಾನ ಹತ್ತಿದಳು. ಅಕ್ಕನಿಗೆ ಎದುರಾಡಿದವಳಲ್ಲ. ಆ ಮನೆಯಲ್ಲಿ ಯಾರೂ ಎದುರಾಡಿದವರಲ್ಲ. ಅಕ್ಕ ರ‍್ಯಾಂಕ್ ಹುಡುಗಿ.

ಬಂದ ಮೊದಲ ವಾರದಲ್ಲೇ ರತ್ನಾ ಕೆಲವು ಸಂಗತಿ ನೋಡಿಟ್ಟುಕೊಂಡಿದ್ದಳು. ಅಕ್ಕ ಬಾಗಿಲು ದಾಟಿದ ಕೂಡಲೇ ಮುಖ ತೊಳೆಯುತ್ತಾಳೆ. ಬಾಯಲ್ಲಿ ಯಾವಾಗಲೂ ಪುದೀನ ಗುಳಿಗೆ. ಊಟಕ್ಕೆ ಕೂತರೆ ತುತ್ತಿಗಿಂತ ಮಾತು ಜಾಸ್ತಿ, ನಗು ಜಾಸ್ತಿ. ಆಮೇಲೆ ಇದ್ದಕ್ಕಿದ್ದಂತೆ ಸಿಡುಕು. ಬೆಳಗ್ಗೆ ಕಾಫಿ ಲೋಟ ಹಿಡಿದ ಬೆರಳು ನಡುಗುತ್ತದೆ. ಕೆಲಸದ ಒತ್ತಡ ಇರಬೇಕು, ಇಷ್ಟು ದೂರದ ರೈಲು ಓಡಾಟ ಬೇರೆ ಎಂದುಕೊಂಡಳು. ಹಾಗೆಂದುಕೊಂಡರೂ ಎದೆಯೊಳಗಿನ ಇರುವೆ ಓಡಾಟ ನಿಲ್ಲಲಿಲ್ಲ.

"ನಾನೇ ಹೋಗಿ ಮಗೂನ ಕರ್ಕೊಂಡು ಬರ್ಲಾ ಅಕ್ಕ?" ಎಂದು ಒಂದು ದಿನ ಧೈರ್ಯ ಮಾಡಿ ಕೇಳಿದ್ದಳು.

"ನೀನಾ? ಡೇ ಕೇರ್‌ನೋರು ಕೊಡಲ್ಲ ಕಣೇ. ಕೊರಳಲ್ಲಿ ಗಾರ್ಡಿಯನ್ ಕಾರ್ಡ್ ಇರ್ಬೇಕು, ಮೊದ್ಲೇ ಫೋನ್ ಮಾಡಿ ಹೇಳಿರ್ಬೇಕು. ಅಲ್ಲಿನ ಟೀಚರ್, ಆ ಸೆನ್ಸೇ, ಏನಾದ್ರೂ ಕೇಳಿದ್ರೆ ನೀನು ಬಾಯಿ ಬಿಡ್ತೀಯಾ? ಪಕ್ಕದ ಮನೆ ತನಾಕಾ-ಸಾನ್ ಗುಡ್ ಮಾರ್ನಿಂಗ್ ಅಂದ್ರೇ ಬಾಗಿಲ ಹಿಂದೆ ಹೋಗ್ತೀಯ!"

ಅಕ್ಕ ನಕ್ಕಳು. ರತ್ನಾಳೂ ನಕ್ಕಳು.

ರಾಮನವಮಿ ಆ ಸಲ ಭಾನುವಾರ ಬಂದಿತ್ತು. ಭಾವ ಮನೆಯಲ್ಲಿದ್ದರು. ಹತ್ತಿರದ ಎಡೋಗಾವಾದಿಂದ ಅಕ್ಕನ ಪರಿಚಯದ ಭಾನುಮತಿ ಆಂಟಿ, ಅವರ ಯಜಮಾನರು ವೆಂಕಟರಮಣ ಅಂಕಲ್, ಜೊತೆಗೆ ಅವರ ಇಬ್ಬರು ಮೊಮ್ಮಕ್ಕಳು ಊಟಕ್ಕೆ ಬರುವವರಿದ್ದರು. ಕೋಸಂಬರಿ, ಪಾನಕ, ನೀರುಮಜ್ಜಿಗೆ ಎಲ್ಲ ರತ್ನಾಳ ಪಾಲಿಗೆ. ಪಾನಕಕ್ಕೆ ಊರಿನಿಂದ ತಂದ ಬೆಲ್ಲವಿತ್ತು, ಏಲಕ್ಕಿ, ಮೆಣಸು, ಶುಂಠಿ ಇತ್ತು. ನಿಂಬೆಹಣ್ಣು ಮಾತ್ರ ಒಂದೇ, ಅದೂ ಒಣಗಿ ಗೋಲಿಯಾಗಿತ್ತು. ಅಕ್ಕ ಸ್ನಾನಕ್ಕೆ ಹೋಗಿದ್ದಳು. ಭಾವ ಮಾವಿನೆಲೆ ಸಿಗದ ಊರಲ್ಲಿ ಕಾಗದದ ತೋರಣ ಕತ್ತರಿಸುತ್ತಾ ಕೂತಿದ್ದರು.

ದೊಡ್ಡ ಹಿತ್ತಾಳೆ ಪಾತ್ರೆ ತೆಗೆಯಲೆಂದು ಗೋಡೆ ಕಪಾಟಿನ ಬಾಗಿಲು ಸರಿಸಿದಾಗ ರತ್ನಾಳಿಗೆ ಚಳಿಗಾಲದ ರಜಾಯಿಗಳ ಹಿಂದೆ ಒಂದು ರಟ್ಟಿನ ಪೆಟ್ಟಿಗೆ ಕಂಡಿತು. ಒಳಗೆ ಸಾಲಾಗಿ ಹಳದಿ ಡಬ್ಬಿಗಳು. ಮೇಲೆ ಹೋಳು ಮಾಡಿದ ನಿಂಬೆಹಣ್ಣಿನ ಚಿತ್ರ. ಹಣ್ಣಿನಿಂದ ರಸ ಚಿಮ್ಮುತ್ತಿತ್ತು. ಸದ್ಯ, ಅಕ್ಕ ಹಬ್ಬಕ್ಕೆ ಅಂತ ನಿಂಬೆ ಶರಬತ್ತು ತಂದಿಟ್ಟಿದ್ದಾಳೆ, ಹೇಳುವುದು ಮರೆತಿರಬೇಕು ಅಂದುಕೊಂಡಳು. ಒಂದೊಂದಾಗಿ ತೆರೆದು ಬೆಲ್ಲದ ನೀರಿಗೆ ಸುರಿದಳು. ಬುಸ್ಸೆಂದು ನೊರೆ ಬಂತು. ಗೋಲಿ ಸೋಡಾದ ಹಾಗೆ! ನೊರೆಯ ಜೊತೆ ಒಂದು ವಾಸನೆಯೂ ಬಂತು. ಸೂಜಿ ಚುಚ್ಚುವ ಮೊದಲು ನರ್ಸಮ್ಮ ತೋಳಿಗೆ ಒರೆಸುವ ಹತ್ತಿಯ ವಾಸನೆ. ಈ ದೇಶದ ನಿಂಬೆಹಣ್ಣೇ ಹೀಗಿರಬೇಕು ಎಂದುಕೊಂಡು ಇನ್ನೊಂದು ಚಿಟಿಕೆ ಏಲಕ್ಕಿ ಪುಡಿ ಉದುರಿಸಿದಳು.

ರುಚಿ ನೋಡಿದ್ದರೆ ಅಲ್ಲೇ ತಿಳಿಯುತ್ತಿತ್ತು. ಆದರೆ ನೈವೇದ್ಯಕ್ಕೆ ಮೊದಲು ರುಚಿ ನೋಡುವುದುಂಟೇ? ಚಿಕ್ಕಂದಿನಲ್ಲಿ ಪಾಯಸದ ಸೌಟು ನೆಕ್ಕಿ ಅಮ್ಮನ ಕೈಯಲ್ಲಿ ಪೆಟ್ಟು ತಿಂದ ಕೈ ಅದು. ಹಾಗಾಗಿ ಆ ಪಾನಕ ಮೊದಲು ಸೇರಿದ್ದು ಶ್ರೀರಾಮನಿಗೆ. ಭಾವ ಗಂಟೆ ಬಾರಿಸಿದರು, ಭಾನುಮತಿ ಆಂಟಿ ಆರತಿ ಹಾಡು ಹೇಳಿದರು, ರಾಮ ಫೋಟೋದೊಳಗೆ ಎಂದಿನಂತೆ ನಗುತ್ತಿದ್ದ.

ರತ್ನಾ ಕಾಗದದ ಲೋಟಗಳಿಗೆ ಪಾನಕ ಬಗ್ಗಿಸತೊಡಗಿದಳು. ಮೊದಲ ಲೋಟ ವೆಂಕಟರಮಣ ಅಂಕಲ್‌ಗೆ. ಅವರು ಕಣ್ಣಿಗೊತ್ತಿಕೊಂಡು ಒಂದು ಗುಟುಕು ಹೀರಿ, ಹುಬ್ಬೇರಿಸಿ, ಇನ್ನೊಂದು ಗುಟುಕು ಹೀರಿದರು.

"ಆಹಾ! ಏನಮ್ಮ ಇದು, ಭೇಷ್! ಶುಂಠಿ ಜೋರಾಗಿ ಹಾಕಿದ್ದೀಯ. ಗಂಟಲಲ್ಲಿ ಹಾಗೇ ಇಳೀತಾ ಇದೆ. ಇನ್ನೊಂದು ಲೋಟ ಹಾಕು."

"ನಿಮಗೆ ಶುಗರ್ ಇದೆ, ನೆನಪಿರ್ಲಿ," ಎಂದರು ಆಂಟಿ.

"ಪ್ರಸಾದಕ್ಕೆ ಶುಗರ್ ಇಲ್ಲ ಕಣೇ!"

ಎಲ್ಲರೂ ನಕ್ಕರು. ಅಷ್ಟರಲ್ಲಿ ರತ್ನಾ ಅಕ್ಕನ ಕೈಗೆ ಒಂದು ಲೋಟ ಕೊಟ್ಟು, ಮಕ್ಕಳಿಗೆಂದು ಚಿಕ್ಕ ಲೋಟಗಳನ್ನು ಸಾಲಾಗಿ ಇಡುತ್ತಿದ್ದಳು. ವರ್ಷಿಣಿ ಮತ್ತು ಆ ಇಬ್ಬರು ಮಕ್ಕಳು ಮುಂದೆ ಬಂದು ಕೈ ಚಾಚಿದ್ದರು. ರತ್ನಾ ತಲೆಯೆತ್ತಿ ನೋಡಿದಳು. ಅಕ್ಕ ಒಂದು ಗುಟುಕು ಹೀರಿ ಕಲ್ಲಿನಂತೆ ನಿಂತಿದ್ದಳು. ಅವಳ ಕಣ್ಣು ಪಾತ್ರೆಯಿಂದ ಕಪಾಟಿಗೆ, ಕಪಾಟಿನಿಂದ ಮಕ್ಕಳ ಕೈಗಳಿಗೆ ಹೋಯಿತು. ಆಮೇಲೆ ಅವಳು ಲೋಟವನ್ನು ಮೇಲೆತ್ತಿ ಒಂದೇ ಉಸಿರಿಗೆ ತಳದವರೆಗೆ ಕುಡಿದಳು. ಕುಡಿದು, ಎರಡು ಹೆಜ್ಜೆ ಮುಂದೆ ಬಂದು, ಮೊಣಕೈಯಿಂದ ಪಾತ್ರೆಯನ್ನು ಉರುಳಿಸಿಬಿಟ್ಟಳು.

"ಅಯ್ಯೋ! ಕೈ ತಾಗ್ತು!"

ಹಿತ್ತಾಳೆ ಪಾತ್ರೆ ಢಣಢಣ ಉರುಳಿತು. ಚಾಪೆಯ ಮೇಲೆ ಪಾನಕದ ಹೊಳೆ. ಮಕ್ಕಳು ಕಿರುಚಿ ಹಿಂದೆ ಸರಿದರು. ಅಕ್ಕ ಚಿಕ್ಕ ಲೋಟಗಳನ್ನೂ ಬಾಚಿ ಕಿತ್ತುಕೊಂಡಳು. "ಬೇಡ, ಬೇಡ, ಇದ್ರಲ್ಲಿ ಕೂದಲು ಬಿದ್ದಿತ್ತು. ಯಾರೂ ಕುಡೀಬೇಡಿ. ಕಿಶೋರ್, ಟವೆಲ್ ತಗೊಂಡು ಬಾ!"

"ಚೆಲ್ಲಿದ್ರೆ ಒಳ್ಳೇದೇ ಬಿಡಮ್ಮ," ಎಂದರು ಆಂಟಿ. "ಹಬ್ಬದ ದಿನ ಉಕ್ಕಿ ಹರೀಬೇಕು."

ಅಂಕಲ್ ಮಾತ್ರ ಖಾಲಿ ಲೋಟದೊಳಗೆ ಇಣುಕುತ್ತಿದ್ದರು.

ಅಡಿಗೆಮನೆಗೆ ಬಂದ ಅಕ್ಕ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಆ ಡಬ್ಬಿ ಎಲ್ಲಿತ್ತೇ ನಿನಗೆ?"

"ರಜಾಯಿ ಹಿಂದೆ. ಶರಬತ್ತು ಅಂತ..."

"ಆಫೀಸ್ ಪಾರ್ಟಿಗೆ ಅಂತ ತಂದಿಟ್ಟಿದ್ದೆ. ಕೇಳದೆ ಯಾಕೆ ಮುಟ್ಟಿದೆ? ದಡ್ಡಿ!"

"ತಪ್ಪಾಯ್ತು ಅಕ್ಕ," ಎಂದಳು ರತ್ನಾ, ಏನು ತಪ್ಪಾಯಿತೆಂದು ತಿಳಿಯದೆ.

ಮಧ್ಯಾಹ್ನ ನೆಂಟರು ಹೋದ ಮೇಲೆ, ಅಕ್ಕ ತಲೆನೋವೆಂದು ಮಲಗಿದ್ದಾಗ, ರತ್ನಾ ಡಬ್ಬಿಗಳನ್ನು ತೊಳೆಯತೊಡಗಿದಳು. ಈ ಊರಲ್ಲಿ ಕಸಕ್ಕೂ ಸ್ನಾನ ಮಾಡಿಸಿ ಕಳಿಸಬೇಕು. ಡಬ್ಬಿ ಬೇರೆ, ಬಾಟಲಿ ಬೇರೆ, ಎಲ್ಲ ಪಾರದರ್ಶಕ ಚೀಲದಲ್ಲಿ. ಅಕ್ಕನ ಮನೆಯ ಕಸದಲ್ಲಿ ಈವರೆಗೆ ಒಂದೂ ಡಬ್ಬಿ ಬಿದ್ದಿರಲಿಲ್ಲ. ಅದು ಈಗ ಹೊಳೆಯಿತು. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ನಿಂತ ವರ್ಷಿಣಿ ಒಂದು ಡಬ್ಬಿ ಎತ್ತಿ ಅದರ ಮೇಲ್ಭಾಗವನ್ನು ಬೆರಳಿನಿಂದ ಸವರಿದಳು.

"ಚಿಕ್ಕಿ, ಇದು ಓಸಾಕೆ."

"ಹಾಗಂದ್ರೆ?"

"ದೊಡ್ಡೋರ್ drink. ಬಿಯರ್ ಫ್ರೆಂಡ್. Kids ಕುಡಿದ್ರೆ ದಮೇ, ಕುಡೀಬಾರ್ದು. ಸೆನ್ಸೇ ಹೇಳಿದ್ರು. ಇಲ್ಲಿ ಮುಟ್ಟು. ಚುಕ್ಕಿ ಚುಕ್ಕಿ ಇದೆ ಅಲ್ವಾ? ಕಣ್ಣು ಕಾಣ್ದೇ ಇರೋರು ಮುಟ್ಟಿದ್ರೆ, ಓಸಾಕೆ ಅಂತ ಗೊತ್ತಾಗುತ್ತೆ. They know."

ರತ್ನಾ ಮುಟ್ಟಿದಳು. ನಿಜವಾಗಿ ಚುಕ್ಕಿಗಳಿದ್ದವು. ಸಾಸಿವೆ ಕಾಳಿನಷ್ಟೂ ಇಲ್ಲದ ಉಬ್ಬುಗಳು.

"ನಿನಗೆ ಯಾರು ತೋರಿಸಿದ್ರು ಪುಟ್ಟಿ?"

"ಅಮ್ಮಂದು ಮುಟ್ಟಿದ್ದೆ. ಪಾರ್ಕಲ್ಲಿ. ನಾನು ಸ್ಲೈಡ್ ಆಡ್ತೀನಿ, ಅಮ್ಮ ಬೆಂಚಲ್ಲಿ ಕುಡೀತಾಳೆ. Then ಸೈಕಲ್ ಫುರಾಫುರಾ ಹೋಗುತ್ತೆ!" ವರ್ಷಿಣಿ ಸ್ಟೂಲಿನ ಮೇಲೆ ನಿಂತೇ ಆ ಕಡೆ ಈ ಕಡೆ ವಾಲಾಡಿ ತೋರಿಸಿದಳು. "ತುಂಬಾ fun. ಒಂದ್ಸಲ ಬಿದ್ವಿ. ಅಮ್ಮ ಅತ್ತಳು. ನಾನು ಅಳ್ಲಿಲ್ಲ."

ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಕಣ್ಣು ಕಾಣದವರಿಗೂ ತಿಳಿಯುವ ಹಾಗೆ ಮಾಡಿಟ್ಟಿದ್ದನ್ನು, ಎರಡು ಕಣ್ಣು ಬಿಟ್ಟುಕೊಂಡು ದಿನವೂ ಬಾಲ್ಕನಿಯಲ್ಲಿ ನಿಂತವಳು ಕಾಣದೆ ಹೋಗಿದ್ದಳು. ಪುದೀನ, ಮುಖ ತೊಳೆಯುವುದು, ನಡುಗುವ ಬೆರಳು, ಪ್ಲಾಸ್ಟರ್ ಎಲ್ಲ ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಸಿಕ್ಕಿಕೊಂಡವು. ಸ್ಟೇಷನ್ ಬಳಿ ಒಂದು ಪೋಸ್ಟರ್ ನೋಡಿದ ನೆನಪೂ ಬಂತು: ಒಂದು ಗ್ಲಾಸು, ಒಂದು ಸೈಕಲ್, ಎರಡರ ಮೇಲೂ ಕೆಂಪು ಗೀಟು, ಪಕ್ಕದಲ್ಲಿ ಪೊಲೀಸಿನವನ ಚಿತ್ರ. ಆ ಪೋಸ್ಟರ್ ಯಾರೋ ಬೇರೆಯವರಿಗೆ ಎಂದುಕೊಂಡು ಮುಂದೆ ಹೋಗಿದ್ದಳು.

ಸಂಜೆ ಭಾವ ಹೊರಟರು. ರತ್ನಾ ಚಪಾತಿ ಪೊಟ್ಟಣ ಹಿಡಿದು ಲಿಫ್ಟ್ ತನಕ ಹೋದಳು.

"ಭಾವ..."

"ಏನಮ್ಮ?"

"ಏನಿಲ್ಲ. ಉಪ್ಪಿನಕಾಯಿ ಬೇರೆ ಕಟ್ಟಿದ್ದೀನಿ."

"ಥ್ಯಾಂಕ್ಸ್ ಪುಟ್ಟ. ಅಕ್ಕನ್ನ ಸ್ವಲ್ಪ ನೋಡ್ಕೋ. ಅವಳಿಗೆ ತುಂಬಾ ಟಯರ್ಡ್ ಆಗ್ತಾ ಇದೆ ಅನ್ಸುತ್ತೆ. ನೀನಿದ್ದೀಯ ಅಂತ ನನಗೆ ಧೈರ್ಯ."

ಲಿಫ್ಟಿನ ಬಾಗಿಲು ಮುಚ್ಚಿತು. ರತ್ನಾ ಮುಚ್ಚಿದ ಬಾಗಿಲಿಗೆ "ಆಯ್ತು ಭಾವ" ಅಂದಳು.

ಮರುದಿನ ಬೆಳಗ್ಗೆ ಅಕ್ಕ ಏನೂ ಆಗದವಳಂತೆ ವರ್ಷಿಣಿಯನ್ನು ಸೈಕಲ್ಲಿಗೆ ಕೂರಿಸಿಕೊಂಡು ಹೊರಟಳು. ಬೆಳಗಿನ ಸೈಕಲ್ ನೇರವಾಗಿ ಹೋಯಿತು. ರತ್ನಾ ಪಾತ್ರೆ ತೊಳೆದಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಬಟ್ಟೆ ಒಣಹಾಕಿ, ಒಣಗದ ಬಟ್ಟೆಯನ್ನು ಮುಟ್ಟಿ ನೋಡಿ ಬಂದಳು. ಕೂತರೆ ಎದ್ದು ನಿಲ್ಲಬೇಕು ಅನ್ನಿಸುತ್ತಿತ್ತು, ನಿಂತರೆ ಎಲ್ಲಿಗೋ ಹೋಗಬೇಕು ಅನ್ನಿಸುತ್ತಿತ್ತು. ಹನ್ನೆರಡರ ಹೊತ್ತಿಗೆ ಭಾನುಮತಿ ಆಂಟಿಯ ಫೋನ್ ಬಂತು.

"ಏನೇ ರತ್ನಾ, ಒಬ್ಳೇ ಇದ್ದೀಯಾ? ಪಾನಕದ ರೆಸಿಪಿ ಕೇಳೋಣ ಅಂತ ಮಾಡಿದೆ. ನಮ್ಮೋರಂತೂ ರಾತ್ರಿ ಪೂರ್ತಿ ಅದ್ರದ್ದೇ ಜಪ."

ರತ್ನಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಹೆದ್ರಬೇಡ, ನಗ್ತಾ ಹೇಳ್ತಿದ್ದೀನಿ. ನಮ್ಮೋರಿಗೆ ಗೊತ್ತಾಗಲ್ವೇನೇ? ಇಪ್ಪತ್ತು ವರ್ಷದಿಂದ ಆಫೀಸ್ ಪಾರ್ಟಿ ಅಂತ ಕುಡಿದು ಲಿವರ್ ಊದಿಸಿಕೊಂಡು ಈಗ ಮಾತ್ರೆ ನುಂಗೋ ಮನುಷ್ಯ. ಒಂದೇ ಗುಟುಕಿಗೆ ಗೊತ್ತಾಗಿದೆ. ಗೊತ್ತಾಗಿಯೂ ಇನ್ನೊಂದು ಲೋಟ ಕೇಳಿದ್ರಲ್ಲ, ಅದಕ್ಕೆ ರಾತ್ರಿ ನಾನು ಅತ್ತುಬಿಟ್ಟೆ." ಆಂಟಿಯ ದನಿ ತಗ್ಗಿತು. "ಕಿಶೋರ್ ಬಚ್ಚಿಟ್ಟಿದ್ದ ಅಲ್ವಾ? ಗಂಡಸರ ಹಣೆಬರಹವೇ ಇಷ್ಟು. ಪಾಪ ಮೈತ್ರೇಯಿ, ಒಬ್ಳೇ ಎಷ್ಟು ಅಂತ ಸಂಭಾಳಿಸ್ತಾಳೆ! ಇಲ್ಲಿ ಮನೆ ಮನೇಲೂ ಇದೇ ಕತೆ ಕಣೇ, ಯಾರೂ ಬಾಯಿ ಬಿಡಲ್ಲ. ಬೀದಿ ಬೀದಿಗೆ ಕೊಂಬಿನಿ ಅಂಗಡಿ, ಹಾಲಿನ ಪಕ್ಕದಲ್ಲೇ ಇಟ್ಟಿರ್ತಾರೆ. ನಾನು ಯಾರಿಗೂ ಹೇಳಲ್ಲ. ಅವಳಿಗೆ ಹೇಳು, ಗಂಡನ್ನ ಸುಮ್ನೆ ಬಿಡಬೇಡ ಅಂತ. ನಾನು ಸುಮ್ನಿದ್ದೆ. ಸುಮ್ನಿದ್ದಿದ್ದೇ ತಪ್ಪಾಯ್ತು."

ಭಾವ ಅಲ್ಲ ಆಂಟಿ, ಎನ್ನಲು ರತ್ನಾಳಿಗೆ ನಾಲಿಗೆ ಬರಲಿಲ್ಲ. ಹಾಗೆ ಅಂದರೆ ಅಕ್ಕನ ಹೆಸರು ಹೇಳಬೇಕಾಗುತ್ತದೆ. ಅನ್ನದಿದ್ದರೆ ಕಾಫಿಗಿಂತ ಗಟ್ಟಿ ಏನನ್ನೂ ಕುಡಿಯದ ಭಾವನ ತಲೆಗೆ ಬರುತ್ತದೆ. "ಆಯ್ತು ಆಂಟಿ" ಎಂದು ಫೋನ್ ಇಟ್ಟಳು. ಇಟ್ಟ ಮೇಲೆ ಆ 'ಆಯ್ತು' ಬಾಯಲ್ಲಿ ಕಹಿಯಾಗಿ ಉಳಿಯಿತು. ತನ್ನ ಬದುಕೆಲ್ಲ ಇದೊಂದೇ ಮಾತಾಯಿತಲ್ಲ ಅನ್ನಿಸಿತು.

ಐದೂವರೆಗೆ ಗ್ಯಾಸ್ ಆರಿಸಿ, ಬೀಗ ಹಾಕಿ, ಒಬ್ಬಳೇ ಹೊರಬಿದ್ದಳು.

ಸ್ಟೇಷನ್ನಿನ ಸೇತುವೆಯ ಕೆಳಗೆ ಸೈಕಲ್ ಸ್ಟ್ಯಾಂಡು. ನೂರಾರು ಸೈಕಲ್ಲುಗಳ ನಡುವೆ ಹಸಿರು ಸೈಕಲ್ ಹುಡುಕಲು ಅವಳಿಗೆ ಕಷ್ಟವಾಗಲಿಲ್ಲ. ಹಿಂದಿನ ಸೀಟಿಗೆ ವರ್ಷಿಣಿ ಅಂಟಿಸಿದ ಮೊಲದ ಸ್ಟಿಕ್ಕರ್ ಇತ್ತು. ರತ್ನಾ ಆ ಸೀಟಿನ ಮೇಲೆ ಕೈಯಿಟ್ಟು ನಿಂತಳು. ಮೇಲೆ ರೈಲು ಬಂದಾಗಲೆಲ್ಲ ಕಂಬಗಳು ನಡುಗುತ್ತಿದ್ದವು, ಸೀಟು ನಡುಗುತ್ತಿತ್ತು. ಎದುರಿನ ಕೊಂಬಿನಿಯಿಂದ ಕೋಟು ಹಾಕಿದ ಗಂಡಸರು, ಹೆಂಗಸರು ಒಂದೊಂದು ಡಬ್ಬಿ ಹಿಡಿದು ಹೊರಬರುತ್ತಿದ್ದರು. ಕೆಲವರು ಬಾಗಿಲ ಬಳಿಯೇ ನಿಂತು ಬಾಯಿಗಿಡುತ್ತಿದ್ದರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ.

ಆ ಗುಂಪಿನಲ್ಲೇ ಅಕ್ಕ ಬಂದಳು. ಕೈಯಲ್ಲಿ ಹಳದಿ ಡಬ್ಬಿ. ರತ್ನಾಳನ್ನು ಕಂಡು ಥಟ್ಟನೆ ನಿಂತಳು.

"ಏಯ್, ನೀನೇನೇ ಇಲ್ಲಿ? ಅಮ್ಮನ ಫೋನ್ ಬಂತಾ? ಯಾರಿಗೇನಾಯ್ತು?"

"ಯಾರಿಗೂ ಏನಾಗಿಲ್ಲ. ಕೈಲಿರೋದು ಏನಕ್ಕಾ?"

"ಲೆಮನ್ ಜ್ಯೂಸ್."

"ನನಗೂ ಕೊಡು. ಬಾಯಾರಿದೆ."

ಅಕ್ಕ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು. "ಎಂಜಲು ಮಾಡಿದ್ದೀನಿ. ಬೇರೆ ತಂದ್ಕೊಡ್ತೀನಿ, ಇರು."

"ಅದೇ ಬೇಕು."

ಮೇಲೆ ಒಂದು ರೈಲು ಬಂದು ಹೋಯಿತು.

"ನಿನ್ನೆ ಪಾನಕದ ಪಾತ್ರೆ ಯಾಕೆ ಉರುಳಿಸ್ದೆ ಅಕ್ಕ?"

"ಕೈ ತಾಗ್ತು ಅಂದ್ನಲ್ಲ."

"ಕೈ ತಾಗಿಲ್ಲ. ನಾನು ನೋಡ್ದೆ. ಮಕ್ಕಳ ಹೊಟ್ಟೆಗೆ ಹೋಗಬಾರ್ದು ಅಂತ ಉರುಳಿಸ್ದೆ. ದೇವರ ಪಾತ್ರೆ ಅಂತಾನೂ ನೋಡ್ಲಿಲ್ಲ." ರತ್ನಾಳ ದನಿ ಒಡೆದು ಎತ್ತರಕ್ಕೆ ಹೋಯಿತು. "ಹಾಗಿದ್ಮೇಲೆ ಅದೇ ಮಗೂನ ದಿನಾ ಹೇಗೆ ಹಿಂದೆ ಕೂರಿಸ್ಕೋತೀಯ?"

"ಮೆಲ್ಲಗೆ ಮಾತಾಡು!"

"ಯಾಕೆ? ಇಲ್ಲಿ ಯಾರಿಗೆ ಕನ್ನಡ ಬರುತ್ತೆ?"

"ಬುದ್ಧಿ ಹೇಳೋಕೆ ಬಂದ್ಯಾ ನನಗೆ? ನೀನು? ಟೆಂತ್ ಪಾಸ್ ಮಾಡೋಕಾಗದೆ ಮನೇಲಿ ಕೂತವಳು! ಬೆಳಗ್ಗೆ ಏಳಕ್ಕೆ ಹೊರಟು, ನಿಂತುಕೊಂಡು ಹೋಗಿ, ನಿಂತುಕೊಂಡು ಬಂದು, ಇಡೀ ದಿನ ಬೇರೆಯವರ ಭಾಷೆಲಿ ಕ್ಷಮೆ ಕೇಳಿ... ನಿನಗೇನು ಗೊತ್ತೇ?"

"ಏನೂ ಗೊತ್ತಿಲ್ಲ. ಫೇಲಾದವಳು. ಸೈಕಲ್ ಬೀಗದಕೈ ಕೊಡು."

ಅಷ್ಟರಲ್ಲಿ ಪಕ್ಕದ ಸೈಕಲ್ಲಿನವಳು ದಾರಿಗಾಗಿ ಕಾಯುತ್ತಾ ನಿಂತಿದ್ದಳು. ಕಣ್ಣಲ್ಲಿ ನೀರು ತುಂಬಿಕೊಂಡಿದ್ದ ಅಕ್ಕ ಆ ಸ್ಥಿತಿಯಲ್ಲೂ ಸೊಂಟ ಬಗ್ಗಿಸಿ "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಸರಿದು ನಿಂತಳು. ಆಕೆಯೂ ಬಗ್ಗಿ ಹೋದಳು. ಆಕೆ ಹೋದ ಮೇಲೆ ಅಕ್ಕ ಬಗ್ಗಿದ ಸೊಂಟವನ್ನು ಮತ್ತೆ ಎತ್ತಲಿಲ್ಲ. ಹಾಗೆಯೇ ಕುಸಿದು ಕಟ್ಟೆಯ ಮೇಲೆ ಕೂತಳು.

"ಭಾನುಮತಿ ಆಂಟಿ ಫೋನ್ ಮಾಡಿದ್ರು," ಎಂದಳು ರತ್ನಾ, ಪಕ್ಕದಲ್ಲಿ ಕೂರುತ್ತಾ. "ಭಾವ ಕುಡೀತಾರೆ ಅಂದ್ಕೊಂಡಿದ್ದಾರೆ. ಪಾಪ ಮೈತ್ರೇಯಿ ಅಂದ್ರು."

"ಕಿಶೋರಾ?" ಅಕ್ಕನಿಗೆ ನಗು ಉಕ್ಕಿತು. "ಕೆಮ್ಮಿನ ಸಿರಪ್ ಕುಡಿದ್ರೇ ಮಲಗಿಬಿಡ್ತಾನೆ!" ನಗು ನಗುತ್ತಲೇ ಅಳುವಾಯಿತು. ಆಮೇಲೆ ಡಬ್ಬಿಯನ್ನು ತಿರುಗಿಸುತ್ತಾ ಹೇಳಿದಳು. "ಮೊದಲನೇ ವರ್ಷ, ಆಫೀಸಿನಲ್ಲಿ ವೆಲ್ಕಮ್ ಪಾರ್ಟಿ. ಸಿಹಿಯಾಗಿತ್ತು, ಯಾವುದೋ ಹಣ್ಣಿಂದು. ಇಲ್ಲಿ ನಮ್ಮ ಗ್ಲಾಸಿಗೆ ನಾವೇ ಹಾಕ್ಕೊಳ್ಳಲ್ಲ ಕಣೇ. ಖಾಲಿಯಾದ್ರೆ ಪಕ್ಕದಲ್ಲಿರೋರು ತುಂಬ್ತಾರೆ, ಅದು ಮರ್ಯಾದೆ. ಬೇಡ ಅಂದ್ರೆ ತುಂಬಿದ ಗ್ಲಾಸ್ ಹಾಗೇ ಬಿಟ್ಟುಬಿಡ್ಬೇಕು. ನನಗೆ ಯಾರು ಹೇಳಿಕೊಟ್ಟಿದ್ರು? ಅಮ್ಮ ಹೇಳಿಕೊಟ್ಟಿದ್ದೇನು? ಎಲೆಯಲ್ಲಿ ಬಿಡಬಾರ್ದು, ಲೋಟದಲ್ಲಿ ಬಿಡಬಾರ್ದು. ನಾನು ಖಾಲಿ ಮಾಡ್ದೆ, ಅವರು ತುಂಬಿದ್ರು. ಮೈತ್ರೇಯಿ-ಸಾನ್ ಸ್ಟ್ರಾಂಗ್ ಅಂತ ಚಪ್ಪಾಳೆ ತಟ್ಟಿದ್ರು. ಈ ಊರಲ್ಲಿ ನನಗೆ ಸಿಕ್ಕಿದ ಮೊದಲ ಚಪ್ಪಾಳೆ ಅದು."

"ಈಗ ಯಾರೂ ತುಂಬ್ತಿಲ್ವಲ್ಲ ಅಕ್ಕ. ನೀನೇ ಹಾಕ್ಕೋತಿದ್ದೀಯ."

ಅಕ್ಕ ಡಬ್ಬಿ ತಿರುಗಿಸುವುದನ್ನು ನಿಲ್ಲಿಸಿದಳು.

ರತ್ನಾ ಕೈ ಚಾಚಿದಳು. ಡಬ್ಬಿ ಅವಳ ಕೈಗೆ ಬಂತು. ಹೆಬ್ಬೆರಳಿಗೆ ಆ ಚುಕ್ಕಿಗಳು ತಾಗಿದವು. ಅರ್ಧಕ್ಕಿಂತ ಹೆಚ್ಚೇ ಇತ್ತು. ಲೋಟದಲ್ಲಿ ಒಂದು ಗುಟುಕು ಬಿಟ್ಟರೂ ಬೈಸಿಕೊಂಡು ಬೆಳೆದವಳು ಅದನ್ನು ಚರಂಡಿಯ ಜಾಲರಿಗೆ ಸುರಿದಳು. ಕೈ ಸ್ವಲ್ಪ ಹಿಂಜರಿಯಿತು. ಅಕ್ಕನ ಕಣ್ಣು ಆ ಧಾರೆಯ ಕೊನೆಯ ಹನಿಯವರೆಗೂ ಹಿಂಬಾಲಿಸಿತು. ಅದನ್ನೂ ರತ್ನಾ ನೋಡಿದಳು. ಭಯವಾಯಿತು.

"ಇವತ್ತು ಚೆಲ್ಲಿದೆ ಅಂತ ನಾಳೆ ಬಿಟ್ಟೋಗಲ್ಲ ಇದು," ಎಂದಳು ಅಕ್ಕ. "ಎಷ್ಟೋ ಸಲ ನಾನೇ ಚೆಲ್ಲಿದ್ದೀನಿ."

"ಗೊತ್ತಾಯ್ತು. ಮಗು ಮಾತ್ರ ನಿನ್ನ ಹಿಂದೆ ಕೂರಲ್ಲ."

"ಡೇ ಕೇರ್‌ನಲ್ಲಿ..."

"ಫೋನ್ ಮಾಡಿ ಹೇಳು. ನಾನು ಹೋಗ್ತೀನಿ."

ಅಕ್ಕ ಅವಳನ್ನು ಹೊಸದಾಗಿ ನೋಡುವಂತೆ ನೋಡಿದಳು. ಫೋನ್ ತೆಗೆದು, ಗಂಟಲು ಸರಿಮಾಡಿಕೊಂಡು, ಮೆತ್ತನೆಯ ಜಪಾನಿಯಲ್ಲಿ ಏನೋ ಹೇಳಿದಳು. ನಡುವೆ ತನ್ನ ಹೆಸರು ಬಂದದ್ದು ರತ್ನಾಳಿಗೆ ಕೇಳಿಸಿತು. ಆಮೇಲೆ ಬ್ಯಾಗಿನಿಂದ ದಾರ ಕಟ್ಟಿದ ಕಾರ್ಡ್ ತೆಗೆದು ತಂಗಿಯ ಕೊರಳಿಗೆ ಹಾಕಿದಳು. ಬೀಗದಕೈಯನ್ನು ಅಂಗೈಯಲ್ಲಿಟ್ಟಳು.

ಸೈಕಲ್ ತಳ್ಳಿಕೊಂಡು ನಡೆದರು. ಡೇ ಕೇರ್ ಗೇಟಿನ ಹೊರಗೆ ಅಕ್ಕ ನಿಂತಳು, ರತ್ನಾ ಒಳಗೆ ಹೋದಳು. ಸೆನ್ಸೇ ಕಾರ್ಡ್ ನೋಡಿ ಏನೋ ಕೇಳಿದರು. ಬಾಗಿಲ ಹಿಂದೆ ಸರಿಯಲು ಇಲ್ಲಿ ಬಾಗಿಲಿರಲಿಲ್ಲ. "ವರ್ಷಿಣಿ," ಎಂದಳು ರತ್ನಾ. "ನಾನು ಚಿಕ್ಕಿ." ಕನ್ನಡವೇ ಬಂತು. ಸೆನ್ಸೇ ನಕ್ಕು ತಲೆಯಾಡಿಸಿದರು. ಒಳಗಿನಿಂದ ವರ್ಷಿಣಿ ಒಂದೇ ಶೂ ಹಾಕಿಕೊಂಡು ಓಡಿಬಂದಳು.

"ಅಮ್ಮ ಯಾಕೆ ಒಳಗೆ ಬರ್ಲಿಲ್ಲ?"

"ಅಮ್ಮಂಗೆ ಹುಷಾರಿಲ್ಲ ಪುಟ್ಟಿ."

"ಜ್ವರನಾ?"

"ಜ್ವರದ ಹಾಗೇ ಒಂದು."

ಹಿಂದಿನ ಸೀಟಿಗೆ ಮಗುವನ್ನು ಕೂರಿಸಿ, ಬೆಲ್ಟ್ ಬಿಗಿದು, ರತ್ನಾ ಹ್ಯಾಂಡಲ್ ಹಿಡಿದು ತಳ್ಳತೊಡಗಿದಳು. ಸೈಕಲ್ ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. "ಚಿಕ್ಕಿ, ಫುರಾಫುರಾ ಮಾಡು! ಫುರಾಫುರಾ!" ಎಂದು ಮೇಲಿನಿಂದ ಕೂಗು. ರತ್ನಾ ತುಟಿ ಕಚ್ಚಿ ನೇರವಾಗಿ ತಳ್ಳಿದಳು. ಹಿಂದೆ ಅಕ್ಕನ ಹೆಜ್ಜೆ ಸದ್ದು.

"ಮೇ ಕೊನೆಗೆ ನಿನ್ನ ವೀಸಾ ಮುಗಿಯುತ್ತೆ," ಎಂದಳು ಅಕ್ಕ ಹಿಂದಿನಿಂದ. "ಆಮೇಲೆ ಸ್ಟ್ಯಾಂಡಿನಲ್ಲಿ ಯಾರು ಬಂದು ನಿಲ್ತಾರೆ?"

"ಭಾವ ನಿಲ್ತಾರೆ. ಗೊತ್ತಿದ್ರೆ ನಗೋಯಾ ಬಿಟ್ಟಾದ್ರೂ ಬರ್ತಾರೆ. ನಾನು ಹೇಳಲ್ಲ. ನೀನೇ ಹೇಳ್ಬೇಕು."

ಓಣಿಯ ತಿರುವಿನ ಕೊಂಬಿನಿ ಬಂತು. ಯಾರೋ ಒಳಹೊಕ್ಕರು, ಬಾಗಿಲು ತೆರೆದುಕೊಂಡ ಟಿಂಗ್‌ಟಾಂಗ್ ಕೇಳಿಸಿತು. ಹಿಂದಿನ ಹೆಜ್ಜೆ ಸದ್ದು ನಿಂತುಹೋಯಿತು. ರತ್ನಾ ತಿರುಗಿ ನೋಡಿದಳು. ಅಕ್ಕ ಆ ಬೆಳಕಿನ ಬಾಗಿಲಿಗೆ ಎದುರಾಗಿ ನಿಂತಿದ್ದಳು, ಒಂದು ಕೈ ಬ್ಯಾಗಿನೊಳಗೆ. ಸೈಕಲ್ ಬಿಟ್ಟು ಓಡುವಂತಿಲ್ಲ, ಮೇಲೆ ಮಗುವಿದೆ. ಕೂಗಲು ಬಾಯಿ ತೆರೆದಳು.

ಅಕ್ಕನ ಕೈ ಹೊರಬಂತು. ಕೈಯಲ್ಲಿದ್ದದ್ದು ಫೋನ್. ಅದನ್ನು ಕಿವಿಗಿಟ್ಟುಕೊಂಡು, ಬಾಗಿಲಿಗೆ ಬೆನ್ನು ತಿರುಗಿಸಿ, ಸೈಕಲ್ಲಿನ ಹಿಂದಿನ ಸೀಟಿನ ಹಿಡಿಯನ್ನು ಬಂದು ಹಿಡಿದುಕೊಂಡಳು.

"ಕಿಶೋರ್," ಎಂದಳು. "ನಿನ್ನೆ ಪಾನಕ ಚೆಲ್ಲಿತಲ್ಲ. ಅದು ಕೈ ತಾಗಿ ಚೆಲ್ಲಿದ್ದಲ್ಲ."